ಹಿರಿಯರೇ, ಕೂತಲ್ಲೇ ಕೂರಬೇಡಿ! ದಯವಿಟ್ಟು ಕೂತ್ಕೊಳ್ಳಿ!

ಅಕ್ಟೋಬರ್ 1 ಬಂತು ಅಂದರೆ ಶಿವಮೊಗ್ಗದಲ್ಲಿ ಅರವತ್ತು ದಾಟಿದವರಿಗೆ ಇದ್ದಕ್ಕಿದ್ದ ಹಾಗೆ ಬೆಲೆ ಬರುತ್ತದೆ. ಅವತ್ತು ಹಿರಿಯ ನಾಗರಿಕರ ದಿನ. ಹೀಗೊಂದು ದಿನ ಇರಲಿ ಎಂದು ವಿಶ್ವಸಂಸ್ಥೆ ಹೇಳಿದ್ದು 1990ರಲ್ಲಿ. ಶಾಲು ಮಾರುವವರಿಗೆ ಅವತ್ತು ಒಳ್ಳೇ ವ್ಯಾಪಾರ. ಕಳೆದ ವರ್ಷ ನನಗೂ ಒಂದು ಕಾರ್ಯಕ್ರಮದ ಆಮಂತ್ರಣ ಬಂತು. ಇಳಿವಯಸ್ಸಿನಲ್ಲಿ ಚುರುಕಾಗಿರುವುದು ಹೇಗೆ ಎಂಬುದು ವಿಷಯ. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಬರಬೇಕು. ಊಟ ಇದೆ ಅನ್ನುವುದನ್ನು ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿದ್ದರು. ಕರೆದವರಿಗೆ ನಮ್ಮ ಪರಿಚಯ ಚೆನ್ನಾಗಿಯೇ ಇತ್ತು.

ಸಭಾಂಗಣ ಎರಡನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ ಅನ್ನುವ ಹಾಗಿಲ್ಲ, ಇತ್ತು. ಬಾಗಿಲಿಗೆ 'ರಿಪೇರಿಯಲ್ಲಿದೆ' ಎಂಬ ಕಾಗದ ಅಂಟಿಸಿದ್ದರು. ಅದೂ ಹಳದಿಯಾಗಿ, ಮೂಲೆ ಮುದುರಿ, ನಮ್ಮ ಹಾಗೇ ಹಿರಿಯ ನಾಗರಿಕ ಆಗಿತ್ತು. ಮೆಟ್ಟಿಲು 44. ಹೇಗೆ ಗೊತ್ತು ಅಂದರೆ, ಎಣಿಸುವ ನೆಪದಲ್ಲಿ ಅಲ್ಲಲ್ಲಿ ನಿಂತು ಉಸಿರು ಬಿಡಬಹುದು.

ನನ್ನ ಕೈಗೆ ಮಗ ಬೆಂಗಳೂರಿನಿಂದ ತಂದುಕೊಟ್ಟ ಗಡಿಯಾರ ಇತ್ತು. "ಅಪ್ಪಯ್ಯ, ದಿನಾ ಹತ್ತು ಸಾವಿರ ಹೆಜ್ಜೆ ಆಗ್ಬೇಕು" ಅಂತ ಕಟ್ಟಿ ಹೋಗಿದ್ದ. ಯಾವ ಡಾಕ್ಟರ್ ಲೆಕ್ಕ ಹಾಕಿದ್ದು ಇದು ಅಂತ ಹುಡುಕಿ ನೋಡಿದೆ. ಡಾಕ್ಟರ್ ಅಲ್ಲ, ವ್ಯಾಪಾರಿ. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾಡಿ ಅದಕ್ಕೆ 'ಮಾನ್ಪೋ-ಕೇ' ಅಂತ ಹೆಸರಿಟ್ಟಿತು. ಹತ್ತು ಸಾವಿರ ಹೆಜ್ಜೆಯ ಮೀಟರ್ ಅಂತ ಅರ್ಥ. ಹೆಸರು ಕೇಳಲಿಕ್ಕೆ ಚೆನ್ನಾಗಿತ್ತು, ಲೋಕವೆಲ್ಲ ನಡೆಯಿತು. ಈ ಗಡಿಯಾರಕ್ಕೆ ಇನ್ನೊಂದು ಚಟ ಇದೆ. ಒಂದು ಗಂಟೆ ಅಲ್ಲಾಡದೆ ಕೂತರೆ ಗುರ್ರ್ ಅಂದು, ಏಳು ಅನ್ನುತ್ತದೆ.

ಹತ್ತಕ್ಕೆ ನಾವೆಲ್ಲ ಕೂತೆವು. ನೀಲಿ ಪ್ಲಾಸ್ಟಿಕ್ ಕುರ್ಚಿ. ವೇದಿಕೆಯ ಮೇಲೆ ಹದಿನೇಳು ಸೋಫಾ, ಹದಿನೇಳೂ ಖಾಲಿ. ಹನ್ನೊಂದಕ್ಕೆ ಗಡಿಯಾರ ಗುರ್ರ್ ಅಂತು. ಎದ್ದೆ. ಎದೆಗೆ ಬ್ಯಾಡ್ಜ್ ಚುಚ್ಚಿಕೊಂಡ ಹುಡುಗ ಓಡಿ ಬಂದ. "ಅಜ್ಜ, ಕೂತ್ಕೊಳ್ಳಿ, ಅತಿಥಿಗಳು ಗಾಜನೂರು ದಾಟಿದ್ದಾರಂತೆ." ಕೂತೆ. ಹನ್ನೆರಡಕ್ಕೆ ಮತ್ತೆ ಗುರ್ರ್. ಮತ್ತೆ ಎದ್ದೆ. "ಅಜ್ಜ, ಬಂದೇ ಬಿಟ್ರು, ಕೂತ್ಕೊಳ್ಳಿ." ಗಾಜನೂರು ಅಷ್ಟು ದೂರ ಅಂತ ನನಗೆ ಗೊತ್ತಿರಲಿಲ್ಲ.

ಮಧ್ಯೆ ಮೂರ್ನಾಲ್ಕು ಜನ ಶೌಚಾಲಯ ಹುಡುಕಿಕೊಂಡು ಹೋದರು. ಬೀಗ ಹಾಕಿತ್ತು. ಗಣ್ಯರು ಬರುವ ತನಕ ಗಲೀಜಾಗಬಾರದಲ್ವಾ? ಸಕ್ಕರೆ ಕಾಯಿಲೆ, ಪ್ರಾಸ್ಟೇಟ್ ಎರಡೂ ಇರುವ ನಮ್ಮ ಪಕ್ಕದ ಕುರ್ಚಿಯವರು ಆ 44 ಮೆಟ್ಟಿಲು ಇಳಿದು ಎದುರಿನ ಹೋಟೆಲಿಗೆ ಹೋಗಿ, ನಾಚಿಕೆಗೆ ಒಂದು ಕಾಫಿ ಕುಡಿದು, ವಾಪಸ್ ಹತ್ತಿ ಬಂದರು. ಕಾಫಿ ಕುಡಿದದ್ದಕ್ಕೆ ಅರ್ಧ ಗಂಟೆ ಬಿಟ್ಟು ಮತ್ತೆ ಇಳಿದರು. ಇಡೀ ಸಭೆಯಲ್ಲಿ ಚುರುಕಾಗಿದ್ದವರು ಅಂದರೆ ಅವರೊಬ್ಬರೇ.

ಹನ್ನೆರಡೂವರೆಗೆ ದೀಪ ಬೆಳಗಿತು. ಮುಖ್ಯ ಅತಿಥಿಗಳು ಮೈಕ್ ಹಿಡಿದು ಶುರುಮಾಡಿದ್ದೇ ಹೀಗೆ: "ಹಿರಿಯರೇ, ಕೂತಲ್ಲೇ ಕೂರಬೇಡಿ! ಕೂರುವುದೇ ರೋಗ!" ನಾವು ಎರಡೂವರೆ ಗಂಟೆಯಿಂದ ಕೂತವರು ಚಪ್ಪಾಳೆ ತಟ್ಟಿದೆವು. ಕೈಗಾದರೂ ವ್ಯಾಯಾಮ ಆಗಲಿ ಅಂತ. ಅವರು ಮಾತಾಡಿದ್ದು 40 ನಿಮಿಷ. ಆಮೇಲೆ ಸನ್ಮಾನ. ಎಪ್ಪತ್ತೈದು ದಾಟಿದವರಿಗೆ ಶಾಲು, ಹಾರ, ಒಂದು ಬುಟ್ಟಿ ಸೇಬು. ಹಲ್ಲಿನ ವಿಷಯ ಯಾರೂ ಕೇಳಲಿಲ್ಲ.

ಹನ್ನೊಂದನೆಯವಳಾಗಿ ಒಬ್ಬಳು ಫಿಸಿಯೋಥೆರಪಿ ಹುಡುಗಿ ಬಂದಳು. ಅವಳಿಗೆ ಕೊಟ್ಟದ್ದು ನಾಲ್ಕು ನಿಮಿಷ. ನಿಜ ಹೇಳಬೇಕು ಅಂದರೆ, ಅವತ್ತು ಕೇಳುವಂಥ ಮಾತು ಆಡಿದವಳು ಅವಳೇ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಾರಕ್ಕೆ 150 ನಿಮಿಷವಾದರೂ ಚುರುಕು ನಡಿಗೆಯಂಥದ್ದು ಬೇಕಂತೆ. ಆದರೆ ಅರವತ್ತೈದು ದಾಟಿದವರಿಗೆ ಅಷ್ಟೇ ಸಾಲದು, ವಾರಕ್ಕೆ ಮೂರು ದಿನವಾದರೂ ಕಾಲಿನ ಬಲಕ್ಕೆ, ಆಯ ತಪ್ಪದ ಹಾಗೆ ನಿಲ್ಲೋದಕ್ಕೆ ಬೇರೆ ವ್ಯಾಯಾಮ ಬೇಕು ಅಂದಳು. ಯಾಕೆ ಅಂದರೆ ವಯಸ್ಸಾದವರನ್ನು ಮಲಗಿಸುವುದು ಎಷ್ಟೋ ಸಲ ಕಾಯಿಲೆ ಅಲ್ಲ, ಒಂದು ಸಲ ಜಾರಿ ಬಿದ್ದದ್ದು. "ಈಗ ಎಲ್ಲರೂ ಕೈ ಊರದೆ ಕುರ್ಚಿಯಿಂದ ಏಳಿ, ಕೂರಿ, ಮತ್ತೆ ಏಳಿ" ಅಂದಳು. ಇನ್ನೂರು ಜನ ಒಟ್ಟಿಗೆ ಎದ್ದೆವು.

ಊಟಕ್ಕೆ ಹೊರಟರು ಅಂದುಕೊಂಡರು ನಿರೂಪಕರು. ಮೈಕ್ ಕಿತ್ತುಕೊಂಡು, "ದಯವಿಟ್ಟು ಎಲ್ಲರೂ ಕೂತ್ಕೊಳ್ಳಿ! ವಂದನಾರ್ಪಣೆ ಬಾಕಿ ಇದೆ!" ಅಂತ ಕೂಗಿದರು. ಕೂತೆವು. ಹುಡುಗಿಯ ನಾಲ್ಕು ನಿಮಿಷ ಮುಗಿಯಿತು. ವಂದನಾರ್ಪಣೆ ಮಾತ್ರ ಹದಿನೆಂಟು ನಿಮಿಷ ಆಯಿತು.

ಅವಳ ಮಾತು ತಲೆಯಲ್ಲಿತ್ತು. ಮಾರನೇ ದಿನ ವಾಕಿಂಗಿಗೆ ಅಂತ ಗೇಟು ತೆಗೆದೆ. ನಮ್ಮ ಬೀದಿಯಲ್ಲಿ ಮೊದಲು ಒರಟು ಕಲ್ಲಿನ ಚಪ್ಪಡಿ ಇತ್ತು. ಅದನ್ನು ಕಿತ್ತು, ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಟೈಲ್ಸ್ ಹಾಕಿದ್ದಾರೆ. ಮಲೆನಾಡಿನ ಬಾಗಿಲಲ್ಲಿರುವ ಊರು. ಜೂನ್‌ನಲ್ಲಿ ಹಿಡಿದ ಮಳೆ ಅಕ್ಟೋಬರ್ ಬಂದರೂ ಹೋದೆ ಅಂದು ಮತ್ತೆ ಬರುತ್ತದೆ. ಟೈಲ್ಸ್ ಮೇಲೆ ಹಸಿರು ಪಾಚಿ. ಮೂರನೇ ಹೆಜ್ಜೆಗೆ ಎಡಗಾಲು ನನ್ನನ್ನು ಬಿಟ್ಟು ಹೊರಟಿತು. ಕರೆಂಟ್ ಕಂಬ ಹಿಡಿದು ನಿಂತೆ. ಗಡಿಯಾರ ಗುರ್ರ್ ಅಂದು, ಬಿದ್ದಿರಾ ಅಂತ ಕೇಳಿತು. ಇಲ್ಲ ಅಂತ ಒತ್ತಲು ಕೈ ಖಾಲಿ ಇರಲಿಲ್ಲ. ಅದು ಮಗನಿಗೆ ಸುದ್ದಿ ಕಳಿಸಿತು, ಮಗ ತೀರ್ಥಹಳ್ಳಿ ಕಡೆ ಇರುವ ನನ್ನ ದೊಡ್ಡಮ್ಮನಿಗೂ ಹೇಳಿಬಿಟ್ಟ.

ದೊಡ್ಡಮ್ಮನಿಗೆ 84. ಸಂಜೆ ಫೋನ್ ಬಂತು. "ಎಂತ ಮಾರಾಯ, ಸೊಂಟ ಮುರ್ಕಂಡ್ಯಾ? ಅಲ್ಲಿ ದಬ್ಬೆ ಹಾಕಲ್ವನಾ?"

ನಮ್ಮೂರ ಕಡೆ ಮಳೆಗಾಲಕ್ಕೆ ಮೊದಲು ಅಂಗಳಕ್ಕೆ ಅಡಿಕೆ ದಬ್ಬೆ ಹಾಸುತ್ತಾರೆ. ಹಳೇ ಅಡಿಕೆ ಮರ ಸೀಳಿ, ಜಗಲಿಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಬಾವಿಕಟ್ಟೆಗೆ ಸಾಲಾಗಿ ಜೋಡಿಸುವುದು. ನಾರು ನಾರಾಗಿರುವುದರಿಂದ ಕಾಲಿಗೆ ಹಿಡಿತ ಸಿಗುತ್ತದೆ. ದೊಡ್ಡಮ್ಮ ಹಿಂದೆ ಒಮ್ಮೆ ಬಚ್ಚಲ ಮೆಟ್ಟಿಲಲ್ಲಿ ಜಾರಿ ಮೂರು ತಿಂಗಳು ಮಲಗಿದ್ದರು. ಹಳ್ಳಿಯವರು ಗಟ್ಟಿ, ಬೀಳೋದೇ ಇಲ್ಲ ಅನ್ನುವುದೆಲ್ಲ ಪೇಟೆಯವರ ಭಾಷಣ. ಬೀಳುತ್ತಾರೆ. ಆದರೆ ಬಿದ್ದ ಮೇಲೆ ಶಾಲು ಹೊದೆಸುವುದಿಲ್ಲ, ದಬ್ಬೆ ಹಾಸುತ್ತಾರೆ.

ಎರಡು ದಿನಕ್ಕೆ ಯಾರದೋ ಜೀಪಿನಲ್ಲಿ ಎಂಟು ದಬ್ಬೆ ಬಂದು ಇಳಿದವು. ಗೇಟಿನಿಂದ ಮೂಲೆ ಅಂಗಡಿ ತನಕ ಸಾಲಾಗಿ ಹಾಸಿದೆ. ಬೀದಿಯ ಅಜ್ಜ, ಅಜ್ಜಿಯರೆಲ್ಲ ಸಾಲು ಹಿಡಿದು ಹಾಲು ತರಲು ಹೊರಟರು. ಐದನೇ ದಿನ ಸಂಬಂಧಪಟ್ಟವರೊಬ್ಬರು ಬಂದರು. ಆ ಫುಟ್‌ಪಾತಿನ ಮೇಲೆ ಟ್ರಾನ್ಸ್‌ಫಾರ್ಮರ್ ಇದೆ. ಗೋಬಿ ಗಾಡಿ ಇದೆ. ಹದಿನಾಲ್ಕು ಸ್ಕೂಟರ್ ಇವೆ. ಹಿರಿಯರ ದಿನದ ಶುಭಾಶಯ ಕೋರುವ ಫ್ಲೆಕ್ಸ್ ಬೇರೆ ನಿಂತಿದೆ. ಇವೆಲ್ಲವನ್ನೂ ಬಳಸಿಕೊಂಡು ಬಂದು ಟೇಪು ಹಿಡಿದು ದಬ್ಬೆ ಅಳೆದರು.

"ಫುಟ್‌ಪಾತ್ ಇರೋದು ಓಡಾಡೋಕೆ ಸಾರ್. ಇದು ಒತ್ತುವರಿ ಆಗುತ್ತೆ, ತೆಗೀಬೇಕು" ಅಂದರು.

ಆಗಲಿ ಅಂದೆ. ಅವರು ಟೇಪು ಸುತ್ತಿಕೊಂಡು ಟೈಲ್ಸ್ ಕಡೆ ಒಂದು ಕಾಲು ಚಾಚಿ ನೋಡಿದರು. ಮತ್ತೆ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ದಬ್ಬೆಯ ಮೇಲೇ ನಡೆದು ಹೋದರು.