ಫೈಲು ಕ್ಷೇಮ, ಗೇಮು ಕೈಲಾಸ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಆರೈಕೆ ಮುಗಿಯಿತು. ಇನ್ನು ಎಲ್ಲರೂ ವಿಂಡೋಸ್ 11 ಅನ್ನುವ ಹನ್ನೊಂದನೇ ಮಹಡಿ ಹತ್ತಬೇಕು. ಹತ್ತುವ ಮೆಟ್ಟಿಲಲ್ಲೇ ಒಂದು ಪ್ರಶ್ನೆ ಅಡ್ಡ ನಿಂತಿರುತ್ತದೆ. ಏನನ್ನು ಇಟ್ಟುಕೊಳ್ಳುತ್ತೀರಿ? ಉತ್ತರ ಮೂರೇ. ಫೈಲು ಮತ್ತು ಆ್ಯಪ್ ಎರಡೂ, ಬರೀ ಫೈಲು, ಅಥವಾ ಏನೂ ಬೇಡ. ಸನ್ಯಾಸ ತೆಗೆದುಕೊಳ್ಳುವವರನ್ನೂ ಯಾರೂ ಇಷ್ಟು ನೇರವಾಗಿ ಕೇಳುವುದಿಲ್ಲ.

ಈ ಮೂರರಲ್ಲಿ ಗೇಮ್ ಅನ್ನುವ ಪದ ಎಲ್ಲೂ ಇಲ್ಲ, ಗಮನಿಸಿದಿರಾ? ಕಂಪ್ಯೂಟರ್ ಕೊಂಡಿದ್ದೇ ಗೇಮ್ ಆಡಲು ಅಂತ ಯಂತ್ರಕ್ಕೂ ಗೊತ್ತು, ನಮಗೂ ಗೊತ್ತು. ಆದರೂ ಇಬ್ಬರೂ ಗಂಭೀರವಾಗಿ ಫೈಲಿನ ಬಗ್ಗೆಯೇ ಮಾತಾಡುತ್ತೇವೆ. ಫೈಲು ಅಂದರೆ ಏನು? ಎಂದೋ ಅರ್ಧಕ್ಕೆ ಬಿಟ್ಟ ರೆಸ್ಯೂಮೆ. ಅಲುಗಾಡಿ ಮಸುಕಾದ ನಲವತ್ತು ಫೋಟೋ. 'ಹೊಸ ಫೋಲ್ಡರ್', ಅದರೊಳಗೆ ಇನ್ನೊಂದು 'ಹೊಸ ಫೋಲ್ಡರ್'. ಇವೆಲ್ಲ ನಿಮ್ಮ ಸ್ವಂತ ಆಸ್ತಿ, ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇವೆ ಅನ್ನುತ್ತದೆ ಯಂತ್ರ. ರಾತ್ರಿಯೆಲ್ಲ ಕೂತು ಡೌನ್‌ಲೋಡ್ ಮಾಡಿದ ನೂರು ಜಿಬಿಯ ಗೇಮ್ ಮಾತ್ರ ನಿಮ್ಮದಲ್ಲ. ಅದು ಬಾಡಿಗೆಗೆ ಇದ್ದದ್ದು.

ಗೇಮ್ ಕೂಡ ಒಂದು ಆ್ಯಪೇ, ಮೊದಲನೇ ಉತ್ತರ ಆರಿಸಿದರೆ ಆಯಿತಲ್ವಾ ಅನ್ನಬಹುದು. ಆಯಿತು, ಆದರೆ ಅದನ್ನು ಆರಿಸಲು ಬಿಡಬೇಕಲ್ಲ! ಪೆನ್‌ಡ್ರೈವ್‌ನಲ್ಲಿ ಹೊಸ ವಿಂಡೋಸ್ ತುಂಬಿಕೊಂಡು, ಅದರಿಂದಲೇ ಕಂಪ್ಯೂಟರ್ ಶುರು ಮಾಡಿ, ಅಪ್‌ಗ್ರೇಡ್ ಒತ್ತಿ ನೋಡಿ. ಒಂದು ವರದಿ ಬರುತ್ತದೆ. ನೀವು ಪೆನ್‌ಡ್ರೈವ್‌ನಿಂದ ಶುರು ಮಾಡಿದ್ದೀರಿ, ಆದ್ದರಿಂದ ಆಗುವುದಿಲ್ಲ. ಅದನ್ನು ತೆಗೆಯಿರಿ, ಕಂಪ್ಯೂಟರನ್ನು ಎಂದಿನಂತೆ ಶುರು ಮಾಡಿ, ಆಮೇಲೆ ಅದನ್ನೇ ಮತ್ತೆ ಚುಚ್ಚಿ. ಅದೇ ಪೆನ್‌ಡ್ರೈವ್, ಅದೇ ತೂತು, ಅದೇ ಫೈಲು. ಮುಂಬಾಗಿಲಿಂದ ಬಂದವನಿಗೆ ನೀವು ಯಾರು ಅಂತ ಕೇಳಿ, ಸುತ್ತಿ ಹಿತ್ತಲಿಂದ ಬಂದರೆ ಬನ್ನಿ ಬನ್ನಿ ಅಂದ ಹಾಗಾಯಿತು. ಈ ವಿಷಯ ಗೊತ್ತಿಲ್ಲದವರು ಬೇಸತ್ತು ಪಕ್ಕದ 'ಕಸ್ಟಮ್' ಒತ್ತುತ್ತಾರೆ, ಅಂದರೆ ಎಲ್ಲ ಹೊಸದಾಗಿ ಹಾಕು ಅಂತ. ಅಲ್ಲಿಗೆ ಕಥೆ ಮುಗಿಯಿತು.

ಇನ್ನೊಂದು ಇದೆ, ನನಗೆ ಇದೇ ಜಾಸ್ತಿ ಇಷ್ಟ. ಇರುವ ವಿಂಡೋಸ್ ಅಮೆರಿಕದ ಇಂಗ್ಲಿಷಿನದು, ನೀವು ತಂದದ್ದು 'ಇಂಟರ್‌ನ್ಯಾಷನಲ್ ಇಂಗ್ಲಿಷ್' ಅಂದುಕೊಳ್ಳಿ. ಅಂದರೆ ಬ್ರಿಟನ್ನಿನದು. ಮೊದಲನೇ ಉತ್ತರ ಬೂದಿ ಬಣ್ಣಕ್ಕೆ ತಿರುಗಿ ಸುಮ್ನೆ ಕೂತುಬಿಡುತ್ತದೆ. ಭಾಷೆ ಬೇರೆ, ಆ್ಯಪ್ ಉಳಿಯುವುದಿಲ್ಲ. ಕಲರ್ ಅನ್ನುವ ಪದಕ್ಕೆ ಯು ಅಕ್ಷರ ಬೇಕೋ ಬೇಡವೋ ಅನ್ನುವ ಜಗಳದಲ್ಲಿ ನಿಮ್ಮ ಗೇಮ್‌ಗಳು ಪ್ರಾಣ ಬಿಟ್ಟವು. ಯಾರ ಜಗಳದಲ್ಲೋ ಯಾರೋ ಬಡವಾದ ಹಾಗೆ.

ಸರಿ, ಬರೀ ಫೈಲು ಉಳಿಸಿದಿರಿ. ಸಿ ಡ್ರೈವ್‌ನ 'ಪ್ರೋಗ್ರಾಂ ಫೈಲ್ಸ್' ಫೋಲ್ಡರಿನಲ್ಲಿದ್ದ ಗೇಮ್ ತಕ್ಷಣ ಸಾಯುವುದಿಲ್ಲ. 'ವಿಂಡೋಸ್ ಡಾಟ್ ಓಲ್ಡ್' ಅನ್ನುವ ಫೋಲ್ಡರ್‌ಗೆ ಹೋಗಿ ಮಲಗುತ್ತದೆ. ಹತ್ತು ದಿನ ಕಾದು ನೋಡಿ, ಆಮೇಲೆ ಯಂತ್ರ ತಾನೇ ಎಳ್ಳುನೀರು ಬಿಡುತ್ತದೆ. ಅಷ್ಟರೊಳಗೆ ಫೋಲ್ಡರನ್ನು ಹೊತ್ತು ತಂದು ಓಡಿಸಲು ಹೋದರೆ ಗೇಮಿಗೆ ಬೇಕಾದ ಯಾವುದೋ ಸಹಾಯಕ ಫೈಲು, ಅಂದರೆ ಡಿಎಲ್‌ಎಲ್ ಇಲ್ಲ ಅನ್ನುತ್ತದೆ. ಗೇಮ್ ಅಂದರೆ ಒಂದು ಫೋಲ್ಡರ್ ಅಂತ ನಾವು ನಂಬಿದ್ದೆವು. ಅದು ವಿಂಡೋಸಿನ ಲೆಕ್ಕದ ಪುಸ್ತಕವಾದ ರಿಜಿಸ್ಟ್ರಿಯಲ್ಲಿ ನಾಲ್ಕು ಸಾಲು ಬರೆದಿಟ್ಟಿತ್ತು, ಸಿಸ್ಟಮ್ ಫೋಲ್ಡರ್‌ನಲ್ಲಿ 'ವಿಷುಯಲ್ ಸಿ ಪ್ಲಸ್ ಪ್ಲಸ್' ಅನ್ನುವ ಮೈಕ್ರೋಸಾಫ್ಟ್ ಉಪಕರಣದ ತುಂಡುಗಳನ್ನು ನೆಚ್ಚಿಕೊಂಡಿತ್ತು. ಸೇವ್ ಮಾಡಿದ ಆಟ ಎಲ್ಲಿದೆ ಅನ್ನುವುದಂತೂ ನಿಧಿ ಶೋಧ. ಒಂದು ಗೇಮ್ ಡಾಕ್ಯುಮೆಂಟ್ಸ್‌ನಲ್ಲಿ ಇಡುತ್ತದೆ, ಇನ್ನೊಂದು 'ಆ್ಯಪ್‌ಡೇಟಾ' ಅನ್ನುವ ಮರೆಯ ಫೋಲ್ಡರಿನ ಲೋಕಲ್‌ನಲ್ಲಿ, ಮತ್ತೊಂದು ರೋಮಿಂಗ್‌ನಲ್ಲಿ, ಮಗದೊಂದು ಲೋಕಲ್‌ಲೋನಲ್ಲಿ. ಇದಕ್ಕೆಂದೇ 'ಸೇವ್ಡ್ ಗೇಮ್ಸ್' ಅಂತ ಒಂದು ಫೋಲ್ಡರ್ ಇದೆ. ಬಹುಪಾಲು ಕಂಪ್ಯೂಟರ್‌ಗಳಲ್ಲಿ ಅದು ಖಾಲಿ ಹೊಡೆಯುತ್ತಿರುತ್ತದೆ.

ಡಿ ಡ್ರೈವ್‌ನಲ್ಲಿ ಇಟ್ಟವರು ಜಾಣರು. ಗೇಮ್ ಮಾರುವ ಅಂಗಡಿಯಾದ 'ಸ್ಟೀಮ್' ಆ್ಯಪ್ ಮತ್ತೆ ಹಾಕಿ ಹಳೇ ಫೋಲ್ಡರ್ ತೋರಿಸಿದರೆ ಅದು ಗುರುತು ಹಿಡಿದು ಮಾತಾಡಿಸುತ್ತದೆ. ಆದರೆ ಮೈಕ್ರೋಸಾಫ್ಟ್ ತನ್ನದೇ ಅಂಗಡಿಯಿಂದ ಕೊಡುವ ಹಲವು ಗೇಮ್‌ಗಳು 'ವಿಂಡೋಸ್ಆ್ಯಪ್ಸ್' ಅನ್ನುವ ಫೋಲ್ಡರ್‌ಗೆ ಹೋಗುತ್ತವೆ. ಅದನ್ನು ತೆರೆಯಲು ನಿಮಗೆ ಅನುಮತಿ ಇಲ್ಲ. ಅಳಿಸಲು ಹೋದರೆ 'ಟ್ರಸ್ಟೆಡ್‌ಇನ್‌ಸ್ಟಾಲರ್' ಅವರನ್ನು ಕೇಳಿ ಬನ್ನಿ ಅನ್ನುತ್ತದೆ. ಡಿಸ್ಕ್ ನಿಮ್ಮದು, ಕರೆಂಟ್ ಬಿಲ್ ನಿಮ್ಮದು, ಯಜಮಾನ ಮಾತ್ರ ಇನ್ಯಾರೋ. ಆ ಮಹಾಶಯನ ಮುಖ ಇವತ್ತಿನವರೆಗೂ ಯಾರೂ ಕಂಡಿಲ್ಲ.

ಈ ಚಾಳಿ ಹೊಸದೇನಲ್ಲ. 1990ರಲ್ಲಿ ವಿಂಡೋಸ್ 3.0 ಜೊತೆ ಸಾಲಿಟೇರ್ ಬಿಟ್ಟಿಯಾಗಿ ಬಂತು. 2012ರಲ್ಲಿ ವಿಂಡೋಸ್ 8 ಬಂದಾಗ ಅದು ಪೆಟ್ಟಿಗೆಯಿಂದ ಮಾಯ. 2015ರಲ್ಲಿ ವಿಂಡೋಸ್ 10 ಜೊತೆ ವಾಪಸ್ ಬಂತು, ಕಂಕುಳಲ್ಲಿ ಜಾಹೀರಾತು ಇಟ್ಟುಕೊಂಡು. ಜಾಹೀರಾತು ಬೇಡವೇ? ತಿಂಗಳಿಗೆ ಇಷ್ಟು ಅಂತ ಕಟ್ಟಿ. ಇಸ್ಪೀಟಿನಲ್ಲಿ ದುಡ್ಡು ಕಳೆದುಕೊಳ್ಳುವುದು ಹಳೆಯ ಕಥೆ, ಒಬ್ಬನೇ ಕೂತು ಆಡುವ ಇಸ್ಪೀಟಿನಲ್ಲೂ ಕಳೆದುಕೊಳ್ಳುವುದು ಹೊಸದು. ವಿಂಡೋಸ್ ಎಕ್ಸ್‌ಪಿಯ ಪಿನ್‌ಬಾಲ್ ಕಥೆ ಇನ್ನೂ ಚೆಂದ. ಅದನ್ನು 64 ಬಿಟ್‌ನ ಹೊಸ ಬಗೆಯ ಕಂಪ್ಯೂಟರಿಗೆ ತರುವಾಗ ಚೆಂಡು ಎದುರಿಗಿದ್ದದ್ದಕ್ಕೆ ತಾಗದೆ ದೆವ್ವದ ಹಾಗೆ ತೂರಿಕೊಂಡು ಕೆಳಗೆ ಬೀಳುತ್ತಿತ್ತಂತೆ. ಯಾಕೆ ಅಂತ ಕೊನೆಗೂ ಗೊತ್ತಾಗದೆ ಗೇಮನ್ನೇ ಕೈಬಿಟ್ಟೆವು ಅಂತ ಮೈಕ್ರೋಸಾಫ್ಟ್‌ನ ರೇಮಂಡ್ ಚೆನ್ ಬರೆದಿದ್ದಾರೆ. ಪ್ರಾಮಾಣಿಕ ಮನುಷ್ಯ.

2015ರಲ್ಲೇ ಇನ್ನೊಂದು ನಡೆಯಿತು. ಹಳೇ ಡಿಸ್ಕ್ ಗೇಮ್‌ಗಳಿಗೆ ಕಳ್ಳ ನಕಲು ತಡೆಯಲು 'ಸೇಫ್‌ಡಿಸ್ಕ್' ಅನ್ನುವ ಬೀಗ ಇತ್ತು. ಆ ಬೀಗವೇ ಕಳ್ಳರಿಗೆ ಕಿಂಡಿಯಾಗಬಹುದು ಅಂತ ವಿಂಡೋಸ್ 10 ಅದನ್ನು ಒಳಗೆ ಬಿಡಲಿಲ್ಲ. ಕಾಸು ಕೊಟ್ಟು ಕೊಂಡವನ ಡಿಸ್ಕ್ ಸತ್ತಿತು. ಬೀಗ ಒಡೆದ ಕಳ್ಳ ನಕಲು ಆರಾಮಾಗಿ ಓಡಿತು. ಅದೇ ವಿಂಡೋಸ್ 10, ಯಾರೂ ಕೇಳದ ಕ್ಯಾಂಡಿ ಕ್ರಷ್ ಅನ್ನು ತಾನೇ ಕರೆತಂದು ಸ್ಟಾರ್ಟ್ ಮೆನುವಿನಲ್ಲಿ ಕೂರಿಸಿತು. ಅಂದರೆ ಗೇಮ್ ಇಡಲು ಬರುವುದಿಲ್ಲ ಅಂತಲ್ಲ, ಬರುತ್ತದೆ. ಇಡುವುದು ಯಾರ ಗೇಮ್ ಅನ್ನುವುದಷ್ಟೇ ಲೆಕ್ಕ. ಮ್ಯಾಕ್ ಬಳಗ ನಗಬೇಕಿಲ್ಲ. 2019ರಲ್ಲಿ ಬಂದ ಮ್ಯಾಕ್ ಆವೃತ್ತಿ 'ಕ್ಯಾಟಲಿನಾ' 32 ಬಿಟ್‌ನ ಹಳೇ ಗೇಮ್‌ಗಳನ್ನೆಲ್ಲ ಒಂದೇ ಏಟಿಗೆ ಮುಗಿಸಿತು.

ಅಂತೂ ಹೊಸ ವಿಂಡೋಸ್ ಏರಿತು, ಡೆಸ್ಕ್‌ಟಾಪ್ ಬಂತು. ನೀವು ಹಿಂದೆ ಅಲ್ಲಿ ಇಟ್ಟುಕೊಂಡಿದ್ದ ಗೇಮ್‌ನ ಶಾರ್ಟ್‌ಕಟ್ ಇದ್ದ ಜಾಗದಲ್ಲೇ ಇದೆ. ಯಾಕೆಂದರೆ ಶಾರ್ಟ್‌ಕಟ್ ಒಂದು ಫೈಲು, ಮತ್ತು ಫೈಲು ನಿಮ್ಮ ಆಸ್ತಿ. ಚಿತ್ರ ಮಾತ್ರ ಅಳಿಸಿ ಹೋಗಿ ಬರೀ ಬಿಳಿ ಹಾಳೆಯಾಗಿದೆ. ಆಸೆಯಿಂದ ಎರಡು ಸಲ ಒತ್ತುತ್ತೀರಿ. ಒಂದು ಕ್ಷಣ ಹುಡುಕುವ ಹಾಗೆ ಮಾಡುತ್ತದೆ. ಆಮೇಲೆ ಪುಟ್ಟ ಪೆಟ್ಟಿಗೆಯೊಂದು ತೆರೆದುಕೊಳ್ಳುತ್ತದೆ. ಇದು ತೋರಿಸುತ್ತಿದ್ದ ವಸ್ತು ಬದಲಾಗಿದೆ ಅಥವಾ ಎಲ್ಲೋ ಹೋಗಿದೆ, ಈ ಶಾರ್ಟ್‌ಕಟ್ಟನ್ನೂ ಅಳಿಸಿಬಿಡಲೇ?

ನೂರು ಜಿಬಿಗೆ ಕೇಳದವರು ಎರಡು ಕೆಬಿಗೆ ಅಪ್ಪಣೆ ಕೇಳುತ್ತಿದ್ದಾರೆ. ಹೌದು, ಇಲ್ಲ, ಎರಡೂ ಬಟನ್ ಇವೆ. ಯಾವುದೂ ಬೂದಿ ಬಣ್ಣದಲ್ಲಿಲ್ಲ.