ಹುಳು ನೂಲನ್ನಷ್ಟೇ ಕೊಡುತ್ತದೆ ಎಂದವರು ಯಾರು?

ರೇಷ್ಮೆ ಬೆಳೆಗಾರರ ಸಭೆಯೊಂದಕ್ಕೆ ಹೋಗಿ ತಲೆ ಕೆಡಿಸಿಕೊಂಡು ಈಗಷ್ಟೇ ಬಂದೆ. ‘ಮೌಲ್ಯವರ್ಧನೆ’ಯ ಬಗ್ಗೆ ಗಂಟೆಗಟ್ಟಲೆ ಭಾಷಣ. ಕೊನೆಗೆ ಹೊರಬಿದ್ದದ್ದು ಗೂಡಿನ ಹಾರ, ಗೂಡಿನ ಬೊಂಬೆ, ಕೋಳಿಗೆ ಪ್ಯೂಪಾ (ನೂಲು ತೆಗೆದ ಮೇಲೆ ಗೂಡಿನೊಳಗೆ ಉಳಿಯುವ ಹುಳು). ‘ಹುಳುವಿನಿಂದ ಔಷಧ ತೆಗೆಯುತ್ತಾರಲ್ಲ ಸಾರ್?’ ಎಂದೆ. ವೇದಿಕೆಯ ಮಹನೀಯರು ನಕ್ಕರು. ‘ಅದೆಲ್ಲ ಕಥೆಯಲ್ಲಿ ಕಣಮ್ಮ.’

ಕಥೆಯಲ್ಲ ಸ್ವಾಮಿ. ಜಪಾನಿನ ಟೋರೇ ಕಂಪನಿ, ವೈರಸ್ಸಿನ ವಿರುದ್ಧ ಹೋರಾಡಲು ಬೆಕ್ಕಿನ ದೇಹ ತಾನೇ ತಯಾರಿಸುವ ಪ್ರೋಟೀನನ್ನು, ಅಂದರೆ ಬೆಕ್ಕಿನ ಇಂಟರ್‌ಫೆರಾನನ್ನು ರೇಷ್ಮೆ ಹುಳುವಿನಲ್ಲೇ ತಯಾರಿಸಿ 1990ರ ದಶಕದಲ್ಲೇ ಮಾರುಕಟ್ಟೆಗೆ ಬಿಟ್ಟಿತು. ಯುರೋಪಿನಲ್ಲಿ 2001ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಅಲ್ಲಿ ಅದರ ಹೆಸರು ವಿರ್ಬಾಜೆನ್ ಒಮೇಗಾ. ನಾಯಿಮರಿಗಳಿಗೆ ರಕ್ತಭೇದಿ ತರುವ ಪಾರ್ವೊ ವೈರಸ್ಸಿಗೂ ಬೆಕ್ಕುಗಳ ಲ್ಯುಕೇಮಿಯಾ ವೈರಸ್‌ಗೂ ಕೊಡುತ್ತಾರೆ.

ನನ್ನ ಹೊಟ್ಟೆ ಉರಿಯುವುದು ಎಲ್ಲಿ ಗೊತ್ತೇ? ಆ ಔಷಧ ಹುಟ್ಟುವುದು ನಮ್ಮ ರೇಷ್ಮೆ ಹುಳುಗಳನ್ನು ಕೊಲ್ಲುವ ಹಾಲುತೊಂಡೆ ರೋಗದ ವೈರಸ್ಸಿನಿಂದ! ನಮ್ಮ ಹುಳುಮನೆ ನೋಡಿದವರಿಗೆ ಹೇಳಬೇಕಿಲ್ಲ. ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳು ಸೊಪ್ಪು ಬಿಟ್ಟು ತಟ್ಟೆಯ ಅಂಚಿನಲ್ಲಿ ದಿಕ್ಕುಗೆಟ್ಟು ಹರಿದಾಡುತ್ತದೆ, ಮೈ ಊದಿ ಹೊಳೆಯುತ್ತದೆ, ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ರಸ ಸುರಿಯುತ್ತದೆ. ಅಪ್ಪ ಮಾತಿಲ್ಲದೆ ಒಂದೊಂದನ್ನೇ ಆರಿಸಿ ಬ್ಲೀಚಿಂಗ್ ಪುಡಿಯ ನೀರಿಗೆ ಹಾಕುತ್ತಿದ್ದರು. ಜಪಾನಿನವರು ಆ ಶನಿಯನ್ನೇ ಕೂಲಿಗೆ ಹಚ್ಚಿದ್ದಾರೆ. ಈ ವೈರಸ್ ಹುಳುವಿನ ಜೀವಕೋಶಕ್ಕೆ ನುಗ್ಗಿ ತನ್ನದೊಂದು ಪ್ರೋಟೀನನ್ನು ರಾಶಿರಾಶಿಯಾಗಿ ಮಾಡಿಸಿಕೊಳ್ಳುತ್ತದೆ. ಅದರ ಜೀನ್ ಇದ್ದ ಜಾಗದಲ್ಲಿ ಇಂಟರ್‌ಫೆರಾನಿನ ಜೀನ್ ಕೂರಿಸಿ ಹುಳುವಿಗೆ ಚುಚ್ಚಿದರೆ, ಹುಳು ಸಾಯುವ ಮುನ್ನ ಇಂಟರ್‌ಫೆರಾನ್ ತಯಾರಿಸುತ್ತದೆ. ಅದನ್ನು ಹಿಂಡಿ, ವೈರಸ್ಸನ್ನು ಕೊಂದು, ಶುದ್ಧಗೊಳಿಸುತ್ತಾರೆ. ದಾರಿ ತೋರಿಸಿದ್ದು ಮಾಯೇದಾ ಎಂಬ ವಿಜ್ಞಾನಿಯ ತಂಡ, 1985ರಲ್ಲೇ. ಆಗ ತಯಾರಾದದ್ದು ಮನುಷ್ಯರ ಇಂಟರ್‌ಫೆರಾನ್.

‘ನಾಯಿ ಬೆಕ್ಕಿಗೆ ಅಷ್ಟು ದುಬಾರಿ ಔಷಧ ಯಾರಮ್ಮ ಕೊಳ್ಳುತ್ತಾರೆ?’ ಎಂದು ಇನ್ನೊಬ್ಬರು ಕೇಳಿದರು. ರಕ್ತಭೇದಿಯಾಗುವ ಮರಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಪಶು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತವರನ್ನು ಕೇಳಿ, ಹೇಳುತ್ತಾರೆ. ತಿದ್ದಿದ ವೈರಸ್ ನಮ್ಮ ಹುಳುಮನೆಗಳಿಗೆ ನುಗ್ಗಿದರೆ ಎಂಬ ಭಯವಾದರೂ ಸರಿಯಾದದ್ದು. ಆದರೆ ಅದಕ್ಕೆಂದೇ ಮುಚ್ಚಿದ ಕಟ್ಟಡಗಳಿವೆ. ಅಷ್ಟಕ್ಕೂ ಆ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳಲೇ ಇಲ್ಲ.

ನಿಜ ಹೇಳಬೇಕೆಂದರೆ ನನಗೆ ಸಿಟ್ಟಿಗಿಂತ ಹೊಟ್ಟೆಕಿಚ್ಚೇ ಹೆಚ್ಚು. ದೇಶದಲ್ಲೇ ಅತಿ ಹೆಚ್ಚು ರೇಷ್ಮೆ ಬೆಳೆಯುವ ರಾಜ್ಯ ನಮ್ಮದು. ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆ ಮೈಸೂರಿನಲ್ಲೇ ಇದೆ. ಹುಳುವಿನ ಜ್ವರ, ಹಸಿವು, ಗೂಡು ಕಟ್ಟಲು ಹಣ್ಣಾಗುವ ಗಳಿಗೆ, ಎಲ್ಲವನ್ನೂ ಕಣ್ಣಳತೆಯಲ್ಲೇ ಹೇಳಬಲ್ಲ ಹೆಂಗಸರು ನಮ್ಮ ಊರೂರಲ್ಲಿದ್ದಾರೆ. ಅವರಿಗೆ ನಾವು ಕಲಿಸುವುದು ಹಾರ ಕಟ್ಟುವುದನ್ನು!

ಸ್ನೇಹಿತರ ಪಟ್ಟಿಯಲ್ಲಿರುವ ಪಶುವೈದ್ಯರೇ, ಈ ಔಷಧವನ್ನು ಕೈಯಾರೆ ಬಳಸಿದವರಿದ್ದರೆ ದಯವಿಟ್ಟು ಇಲ್ಲಿ ಬರೆಯಿರಿ. ಗುಣವಾಗದ ಮರಿಗಳ ಬಗ್ಗೆಯೂ ಬರೆಯಿರಿ.