‘ಯಾಕೆ ಬೇಡ ಅಂದ್ರಿ?’ ಅಂತ ಯಾರನ್ನು ಕೇಳುವುದು?

ನಮ್ಮ ಕೋಲಾರದಲ್ಲಿ ಎಐ ಮಾತು ಬಂದರೆ ‘ಇರೋ ಕೆಲಸ ಹೋಗುತ್ತಾ?’ ಎನ್ನುವುದೇ ಮೊದಲ ಪ್ರಶ್ನೆ. ನನ್ನನ್ನು ಕಾಡುವುದು ಬೇರೆ. ಯಾರಿಗೆ ಕೆಲಸ ಕೊಡಬೇಕು ಅಂತ ಯಂತ್ರವೇ ತೀರ್ಮಾನಿಸಿದರೆ, ಕಾರಣ ಕೇಳುವ ಹಕ್ಕು ನಮಗಿದೆಯಾ?

ಯುರೋಪಿಯನ್ ಒಕ್ಕೂಟ ಇದನ್ನು ಕಾನೂನಿನಲ್ಲೇ ಬರೆದಿದೆ. 2024ರ ಆಗಸ್ಟ್ 1ರಂದು ಜಾರಿಗೆ ಬಂದ ಎಐ ಕಾಯ್ದೆ, ನೌಕರಿಗೆ ಜನರನ್ನು ಆರಿಸುವ ಎಐಯನ್ನು ಹೆಚ್ಚು ಅಪಾಯದ ಪಟ್ಟಿಯಲ್ಲಿಟ್ಟಿದೆ. ಅದರ ಮೇಲೆ ಮನುಷ್ಯರ ನಿಗಾ ಇರಬೇಕು, ತೊಂದರೆಯಾದವರು ವಿವರಣೆ ಕೇಳಬಹುದು. ಈ ಭಾಗ ಜಾರಿಯಾಗುವುದನ್ನು ಮುಂದೂಡೋಣ ಅಂತ 2025ರ ನವೆಂಬರ್‌ನಲ್ಲಿ ಒಕ್ಕೂಟದ ಆಡಳಿತ ನೋಡುವ ಯುರೋಪಿಯನ್ ಆಯೋಗವೇ ಪ್ರಸ್ತಾಪ ಇಟ್ಟಿದ್ದು ನನಗೆ ಬೇಸರ ತಂದಿತು. ಏಕೆಂದರೆ ಯಂತ್ರದ ತೀರ್ಮಾನದಿಂದ ಪೆಟ್ಟು ತಿಂದವರು ಯುರೋಪಿನವರೇ. ನೆದರ್‌ಲ್ಯಾಂಡ್ಸ್‌ನಲ್ಲಿ ಮಕ್ಕಳ ಪಾಲನೆಗೆ ಸಹಾಯಧನ ಪಡೆದ ಸಾವಿರಾರು ಕುಟುಂಬಗಳಿಗೆ ತೆರಿಗೆ ಇಲಾಖೆ ವಂಚಕರ ಪಟ್ಟ ಕಟ್ಟಿತು. ಯಾರನ್ನು ಅನುಮಾನಿಸಬೇಕು ಅಂತ ಆರಿಸಲು ಅಲ್ಗಾರಿದಮ್, ಅಂದರೆ ಕಂಪ್ಯೂಟರ್ ಲೆಕ್ಕಾಚಾರದ ಸೂತ್ರ, ಬಳಸಿತ್ತು. ಅರ್ಜಿದಾರರು ಡಚ್ ಪ್ರಜೆಗಳೋ ಅಲ್ಲವೋ ಎಂಬುದೂ ಲೆಕ್ಕಕ್ಕೆ ಬಂದಿತ್ತು. ಹಣ ವಾಪಸ್ ಕಟ್ಟಲಾಗದೆ ಎಷ್ಟೋ ಮನೆಗಳು ಸಾಲದಲ್ಲಿ ಮುಳುಗಿದವು. 2021ರ ಜನವರಿಯಲ್ಲಿ ಸರ್ಕಾರವೇ ರಾಜೀನಾಮೆ ಕೊಡಬೇಕಾಯಿತು.

ಅಮೆರಿಕದಲ್ಲಿ ಬೈಡನ್ 2023ರಲ್ಲಿ ಹೊರಡಿಸಿದ ಎಐ ಸುರಕ್ಷತೆಯ ಆದೇಶವನ್ನು ಟ್ರಂಪ್ ಅಧಿಕಾರಕ್ಕೆ ಬಂದ ದಿನವೇ ರದ್ದು ಮಾಡಿದರು. ಚೀನಾದ ನಿಯಮಗಳು ಬಿಗಿ, ನಿಜ. ಆದರೆ ಅಲ್ಲಿ ಕಂಪನಿಗಳು ಎಲ್ಲಕ್ಕಿಂತ ಮೊದಲು ಉತ್ತರ ಕೊಡಬೇಕಾದದ್ದು ಸರ್ಕಾರಕ್ಕೆ.

ನಮ್ಮ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ, ದೇಶದಲ್ಲಿ ಎಐ ಬೆಳೆಸುವ ಇಂಡಿಯಾ ಎಐ ಮಿಷನ್‌ಗೆ 10,300 ಕೋಟಿ ರೂಪಾಯಿಗೂ ಜಾಸ್ತಿ ಮಂಜೂರು ಮಾಡಿತು. ಒಳ್ಳೆಯದೇ. ಆದರೆ 2025ರ ನವೆಂಬರ್‌ನ ಮಾರ್ಗಸೂಚಿಯಲ್ಲಿ, ಸದ್ಯಕ್ಕೆ ಪ್ರತ್ಯೇಕ ಎಐ ಕಾನೂನು ಬೇಡ ಎಂಬ ದಾರಿ ಹಿಡಿಯಿತು. 2023ರ ಡೇಟಾ ಸಂರಕ್ಷಣಾ ಕಾಯ್ದೆಯಲ್ಲೂ ಯಂತ್ರದ ತೀರ್ಮಾನಕ್ಕೆ ಕಾರಣ ಕೇಳುವ ಹಕ್ಕಿಲ್ಲ.

ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆ ಕೆಲಸಕ್ಕೆ ನಮ್ಮ ಮುಳಬಾಗಿಲು, ಶ್ರೀನಿವಾಸಪುರದ ಮಕ್ಕಳು ಈಗ ಮೊಬೈಲ್‌ನಲ್ಲೇ ಅರ್ಜಿ ಹಾಕುತ್ತಾರೆ. ಡಿಪ್ಲೊಮಾ ಮುಗಿಸಿದ ನಮ್ಮ ಬೀದಿಯ ಹುಡುಗಿಗೆ ಒಂದು ಕಡೆಯಿಂದ ನಿಮಿಷದೊಳಗೆ ‘ಆಯ್ಕೆಯಾಗಿಲ್ಲ’ ಅಂತ ಮೆಸೇಜ್ ಬಂತು. ಅಷ್ಟು ಬೇಗ ಯಾರು ಓದಿದರು? “ನಾನು ಏನು ಸರಿ ಮಾಡ್ಕೋಬೇಕು ಅಂತಾದ್ರೂ ಹೇಳ್ಬೇಕಲ್ವಾ ಅಣ್ಣ?” ಅಂದಳು. ನ್ಯಾಯವಾದ ಮಾತು.

ಇದು ನಮ್ಮಲ್ಲಿ ಆಗದ ಕೆಲಸವೇನಲ್ಲ. ಆ್ಯಪ್ ಮೂಲಕ ಕೆಲಸ ಮಾಡುವವರಿಗಾಗಿ ಬಂದ ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ, ಆ್ಯಪ್ ಕಂಪನಿಗಳು ಯಂತ್ರದ ತೀರ್ಮಾನಗಳ ಬಗ್ಗೆ ಕಾರ್ಮಿಕರಿಗೆ ಮಾಹಿತಿ ಕೊಡಬೇಕು ಎನ್ನುತ್ತದೆ. ಊಟ ತಲುಪಿಸುವ ಹುಡುಗನಿಗೆ ಸಿಕ್ಕಿದ್ದು ಕೆಲಸ ಹುಡುಕುವ ಹುಡುಗಿಗೂ ಸಿಗಲಿ. ಕಾರಣವನ್ನು ಕನ್ನಡದಲ್ಲಿ ಬರೆದು ಕೊಡಲಿ. ಒಪ್ಪದಿದ್ದರೆ ಮನುಷ್ಯರೊಬ್ಬರು ಅರ್ಜಿಯನ್ನು ಮತ್ತೆ ನೋಡಲಿ. ಪಕ್ಷ ಯಾವುದಾದರೂ ಸರಿ, ನಮ್ಮ ಶಾಸಕರು, ಸಂಸದರು ಸಿಕ್ಕಾಗ ಇದನ್ನು ಕೇಳಿ. ನಾನಂತೂ ಕೇಳುತ್ತೇನೆ.